ಅತ್ತೆಗೆ ಶುಗರ್ ಇದೆ, ಶ್ರಾವಣ ಸೋಮವಾರ ನಿರಾಹಾರ ಬಿಡಲ್ಲ ಅಂತಾರೆ, ಹೇಗೆ ಮಾಡೋದು ಹೇಳ್ರಿ

ಹೊಳಲ್ಕೆರೆ ಮಗಳು

ಎಲ್ರಿಗೂ ಶರಣು. ನಮ್ ತವರು ಹೊಳಲ್ಕೆರೆ ಕಡೆ, ಕೊಟ್ಟಿರೋದು ದಾವಣಗೆರೆಗೆ, ಮದುವೆ ಆದ್ಮೇಲೆ ಇದು ಮೊದಲನೇ ಶ್ರಾವಣ. ಈ ವರ್ಷ, ಅಂದ್ರೆ 2025ರಲ್ಲಿ, ಜುಲೈ 24ಕ್ಕೆ ಭೀಮನ ಅಮಾವಾಸ್ಯೆ, 25ರ ಶುಕ್ರವಾರದಿಂದ ಶ್ರಾವಣ ಶುರು, ಇನ್ನು ಸ್ವಲ್ಪ ದಿನ ಅಷ್ಟೇ ಇರೋದು, ಅದಕ್ಕೇ ಈಗ್ಲೇ ಕೇಳ್ತಿದೀನಿ.

ನಮ್ ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿಂದ ಶ್ರಾವಣ ಸೋಮವಾರ ನಿರಾಹಾರ ಇರ್ತಾರೆ. ಬೆಳಿಗ್ಗೆ ತಲೆಮೇಲೆ ನೀರು ಹಾಕ್ಕೊಂಡು ಲಿಂಗಪೂಜೆ ಮಾಡಿ ಕರುಣೆ, ಅಂದ್ರೆ ಲಿಂಗದ ತೀರ್ಥ, ತಗೊಂಡ್ರೆ ಆಯ್ತು, ಆಮೇಲೆ ಸಂಜೆ ಆನೆಕೊಂಡದ ಬಸವಣ್ಣನ ಗುಡಿಗೆ ಹೋಗಿ ಬಂದು ದೀಪ ಹಚ್ಚಿದ ಮೇಲೇನೇ ಬಾಯಿಗೆ ತುತ್ತು. ಶನಿವಾರ ಒಪ್ಪತ್ತು. ಶುಕ್ರವಾರ ಊಟ ಮಾಡ್ತಾರೆ ಆದ್ರೆ ಪೂಜೆ ಮುಗಿಯೋವರೆಗೂ ಇಲ್ಲ. ಹೋದ ವರ್ಷ ಶ್ರಾವಣ ಕಳೆದ ಮೇಲೆ ಅವರಿಗೆ ಶುಗರ್ ಇದೆ ಅಂತ ಗೊತ್ತಾಯ್ತು, ಈಗ ಬೆಳಿಗ್ಗೆ ರಾತ್ರಿ ಎರಡು ಹೊತ್ತು ಮಾತ್ರೆ ಇದೆ. ಮೊನ್ನೆ ಆಷಾಢದಲ್ಲೇ ಒಂದು ದಿನ ಮಾತ್ರೆ ತಗೊಂಡು ಏನೂ ತಿನ್ನದೆ ಉಪವಾಸ ಇದ್ರು, ಮಧ್ಯಾಹ್ನ ಮೈಯೆಲ್ಲಾ ಬೆವರಿ ಕೈ ನಡುಗೋಕೆ ಶುರುವಾಗಿ ಮಾತೇ ತೊದಲ್ತು, ನಾನು ಓಡಿ ಹೋಗಿ ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದ್ರು. ಆವತ್ತಿಂದ ನಮ್ಮನೆಯವ್ರು ಉಪವಾಸದ ಮಾತೇ ಎತ್ತಬೇಡ ಅಂತ ಅವ್ವನ ಮೇಲೆ ರೇಗ್ತಾರೆ, ಅತ್ತೆ ಮಾತ್ರ ಹಂಗಾದ್ರೆ ಆ ದಿನ ಮಾತ್ರೆ ಬಿಡ್ತೀನಿ, ಸೋಮವಾರ ಬಿಡಲ್ಲ ಅಂತಾರೆ. ಇಬ್ಬರ ನಡುವೆ ನಾನು.

ನಂಗೆ ಅವರ ಉಪವಾಸ ನಿಲ್ಸೋಕೆ ಇಷ್ಟ ಇಲ್ಲ. ಆ ಒಂದು ತಿಂಗಳು ಅವರ ಮುಖ ನೋಡೋಕೇ ಚೆನ್ನಾಗಿರತ್ತಂತೆ, ಅಕ್ಕಪಕ್ಕದವ್ರು ಎಲ್ಲಾ ಹೇಳ್ತಾರೆ. ಆದ್ರೆ ಮತ್ತೆ ಹಂಗಾದ್ರೆ ಏನು ಗತಿ ಅಂತ ರಾತ್ರಿ ನಿದ್ದೆ ಬರಲ್ಲ. ಮಾತ್ರೆ ತಗೊಂಡ್ರೆ ಉಪವಾಸ ಕೆಡುತ್ತಾ? ಏನಾದ್ರೂ ತಿಂದೂ ಉಪವಾಸ ಅನ್ನಿಸ್ಕೊಳ್ಳೋ ದಾರಿ ಇದೆಯಾ? ಇನ್ನೊಂದು, ಈ ಸಲ ಮೊದಲನೇ ಸೋಮವಾರ 28ನೇ ತಾರೀಖೇ ನಾಗರ ಚೌತಿ, 29ಕ್ಕೆ ಪಂಚಮಿ. ಪಂಚಮಿಗೆ ಅಣ್ಣ ಕರಿಯೋಕೆ ಬರ್ತಾನೆ, ಭಾನುವಾರವೇ ಹೊರಡಬೇಕು ಅಂತ ಅವ್ವ ಫೋನ್ ಮಾಡ್ತಿದಾಳೆ, ನಾನು ಹೋದ್ರೆ ಸೋಮವಾರ ಅತ್ತೆ ಮನೇಲಿ ಒಬ್ರೇ. ನಮ್ಮನೆಯವ್ರು ಬೆಳಿಗ್ಗೆ ಡ್ಯೂಟಿಗೆ ಹೋದ್ರೆ ಬರೋದು ಸಂಜೆನೇ.

ಜೊತೆಗೆ ನಮ್ಮನೆಯವ್ರ ಆಫೀಸಲ್ಲಿ ಒಬ್ರು ಕಾಶಿ ಕಡೆಯವ್ರು ಇದಾರೆ, ಅವರು ಜುಲೈ 11ಕ್ಕೇ ಶ್ರಾವಣ ಶುರುವಾಯ್ತು ಅಂತ ಉಪವಾಸ ಮಾಡ್ತಿದಾರೆ, ನಮ್ದು ಇನ್ನೂ ಆಷಾಢ. ಇದ್ಯಾಕೆ ಹಿಂಗೆ? ಗೊತ್ತಿರೋರು ಹೇಳ್ರಿ.

ಚೌಕಿಪೇಟೆ ಅಕ್ಕ

ನೋಡವ್ವ ತಂಗಿ, ಮೊದಲು ನಿನ್ ಅತ್ತೆಗೆ ಬಿಡು ಅಂತ ಯಾರೂ ಹೇಳಬೇಡ್ರಿ. ಬಿಡು ಅಂದ್ರೆ ಅವರ ಕಿವಿಗೆ ಬೀಳೋದು ನಿನ್ ಭಕ್ತಿ ಸಾಕು ಅಂತ. ಮಗ ರೇಗಿದಷ್ಟೂ ಹಟ ಜಾಸ್ತಿಯಾಗುತ್ತೆ, ಕದ್ದು ಮಾತ್ರೆ ಬಿಡ್ತಾರೆ, ಅದು ಇನ್ನೂ ಅಪಾಯ.

ಉಪವಾಸ ಅಂದ್ರೆ ಒಂದೇ ನಮೂನಿ ಅಲ್ಲ, ನಮ್ ಕಡೆ ಮೊದಲಿಂದ್ಲೂ ಮೂರು ಥರ ಮಾಡ್ಕೊಂಡು ಬಂದಾರೆ. ಒಂದು ನಿರಾಹಾರ, ನೀರು ಬಿಟ್ಟು ಏನೂ ಇಲ್ಲ. ಇನ್ನೊಂದು ಫಲಾರ, ಹಣ್ಣು ಹಾಲು ಅವಲಕ್ಕಿ ಶೇಂಗಾ ಇಂಥವು ತಗೋತಾರೆ, ಅನ್ನ ರೊಟ್ಟಿ ಮುಟ್ಟಲ್ಲ. ಮೂರನೇದು ಒಪ್ಪತ್ತು, ದಿನಕ್ಕೆ ಒಂದೇ ಹೊತ್ತು ಊಟ. ಬಸುರಿ ಬಾಣಂತಿ, ಹಾಲುಣಿಸೋರು, ವಯಸ್ಸಾದೋರು, ಕಾಯಿಲೆ ಇರೋರು ಇವರಿಗೆಲ್ಲಾ ನಿರಾಹಾರ ಬೇಡ ಅಂತ ನಮ್ ಅತ್ತೆ ಕಾಲದಲ್ಲೇ ಹೇಳ್ತಿದ್ರು, ಇದೇನು ಈಗಿನ ಡಾಕ್ಟ್ರು ಕಂಡುಹಿಡಿದಿದ್ದಲ್ಲ. ನಿರಾಹಾರ ಇದ್ದೋರು ಫಲಾರಕ್ಕೆ ಬಂದ್ರೆ ವ್ರತ ಬಿಟ್ಟಂಗಲ್ಲ. ಮಾಸ ಶುರುವಾಗೋ ದಿನ ದೇವರ ಮುಂದೆ ಕೂತ್ಕೊಂಡು, ಈ ಸಲ ನನ್ನ ಮೈಗೆ ಇಷ್ಟೇ ಆಗೋದು, ಇಷ್ಟನ್ನ ತಪ್ಪದೆ ಮಾಡ್ತೀನಿ ಅಂತ ಸಂಕಲ್ಪ ಮಾಡ್ಕೋಬೇಕು. ಈ ವರ್ಷ ಮಾಸ ಶುಕ್ರವಾರವೇ ಶುರು, ಒಳ್ಳೇದಾಯ್ತು, ಸೋಮವಾರದೊಳಗೆ ಮೂರು ದಿನ ಸಿಗುತ್ತೆ ಕೂತು ಮಾತಾಡೋಕೆ. ನಿಮ್ ಮನೆಗೆ ಬರೋ ಅಯ್ನೋರು ಅಥವಾ ಅವರು ನಂಬೋ ಸ್ವಾಮಿಗಳು ಯಾರಾದ್ರೂ ಇದ್ರೆ ಅವರ ಬಾಯಿಂದ ಒಂದ್ಸಲ ಹೇಳ್ಸು. ಸೊಸೆ ಹೇಳಿದ್ದಕ್ಕಿಂತ ಅದು ನಾಟುತ್ತೆ.

ಇನ್ನೊಂದು ಮಾತು ಹೇಳ್ತೀನಿ, ಇದನ್ನ ಗಂಡಸ್ರು ಗಮನಿಸೋದೇ ಇಲ್ಲ. ಉಪವಾಸದ ದಿನ ಅವರು ಸುಮ್ನೆ ಕೂತಿರ್ತಾರಾ? ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ, ದೇವರ ಸಾಮಾನು ಎಲ್ಲಾ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮನೆ ಮಂದಿಗೆಲ್ಲಾ ತಿಂಡಿ ಊಟ ಮಾಡಿ, ಎಡೆಗೆ ಹೋಳಿಗೇನೋ ಕಡಬೋ ಮಾಡಿ, ಆಮೇಲೆ ಗುಡಿಗೆ ನಡ್ಕೊಂಡು ಹೋಗ್ತಾರೆ. ಹೊಟ್ಟೆ ಖಾಲಿ ಇದ್ದು ಇಷ್ಟು ದುಡಿದ್ರೆ ಶುಗರ್ ಇಲ್ದೋರೂ ಬೀಳ್ತಾರೆ. ಸೋಮವಾರ ಅಡುಗೆಮನೆ ನೀನು ಮತ್ತೆ ನಿನ್ ಗಂಡ ನೋಡ್ಕೊಳ್ರಿ. ಅವರು ಪೂಜೆಗೆ ಕೂತ್ಕೊಳ್ಳಿ, ಪತ್ರೆ ಬಿಡಿಸಲಿ, ತುಂಬೆ ಹೂವು ಪೋಣಿಸಲಿ. ಗುಡಿಗೆ ಆಟೋದಲ್ಲಿ ಕರ್ಕೊಂಡು ಹೋಗ್ರಿ.

ಹಿರಿಯೂರು ಡಾಕ್ಟ್ರು

ನಾನು ಚಿತ್ರದುರ್ಗ ಜಿಲ್ಲೇಲಿ ಪ್ರಾಕ್ಟೀಸ್ ಮಾಡೋ ಫಿಸಿಶಿಯನ್. ಶ್ರಾವಣ ಬಂತು ಅಂದ್ರೆ ಇದೇ ಪ್ರಶ್ನೆ ಇಟ್ಕೊಂಡು ಬರೋರು ಬಹಳ ಜನ, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಬಿಡಿಸಿ ಬರೀತೀನಿ.

ನಿಮ್ಮ ಅತ್ತೆಗೆ ಆವತ್ತು ಆಗಿದ್ದು ನೀವು ಹೇಳಿರೋ ಲಕ್ಷಣ ನೋಡಿದ್ರೆ ಲೋ ಶುಗರ್. ಬೆವರು, ಕೈ ನಡುಕ, ಎದೆ ಹೊಡ್ಕೊಳ್ಳೋದು, ಮಂಪರು, ಮಾತು ತೊದಲೋದು ಎಲ್ಲಾ ಅದರದ್ದೇ. ಶುಗರ್ ಮಾತ್ರೆ ಎಲ್ಲಾ ಒಂದೇ ಥರ ಕೆಲಸ ಮಾಡಲ್ಲ. ಗ್ಲಿಮಿಪ್ರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಈ ಗುಂಪಿನ ಮಾತ್ರೆಗಳು ನೀವು ಊಟ ಮಾಡಿದ್ರೂ ಬಿಟ್ರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ಹಾಕಿಸ್ತಾವೆ. ಹೊಟ್ಟೇಲಿ ಏನೂ ಇಲ್ದಿದ್ರೆ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತೆ. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಈ ಭಯ ಕಮ್ಮಿ. ಆದ್ರೆ ಒಂದೇ ಮಾತ್ರೆಯೊಳಗೆ ಎರಡೂ ಔಷಧಿ ಸೇರಿರೋದೇ ಹೆಚ್ಚು, ಅದಕ್ಕೆ ಮಾತ್ರೆ ಸ್ಟ್ರಿಪ್ ಹಿಂದೆ ಏನು ಬರೆದಿದೆ ಅಂತ ಒಂದ್ಸಲ ಓದಿ, ಅದನ್ನ ತಗೊಂಡೇ ನಿಮ್ಮ ಡಾಕ್ಟರ್ ಹತ್ರ ಈ ವಾರವೇ ಹೋಗಿ. ಉಪವಾಸದ ದಿನ ಯಾವ ಡೋಸು ಕಮ್ಮಿ ಮಾಡಬೇಕು, ಯಾವುದನ್ನ ಸಂಜೆ ಊಟಕ್ಕೆ ಸರಿಸಬೇಕು ಅನ್ನೋದು ಅವರು ಹೇಳ್ಬೇಕು. ನಾವಾಗಿ ನಾವೇ ಮಾತ್ರೆ ಬಿಡೋದು ಬೇಡ, ಬಿಟ್ಟು ಸಂಜೆ ಹೋಳಿಗೆ ಪಾಯಸ ಉಂಡ್ರೆ ಆವಾಗ ಮೇಲಕ್ಕೆ ಏರೋದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ್ದು ಏನಾದ್ರೂ ಇದ್ರೆ ಅದನ್ನೂ ಮರೀದೆ ಹೇಳಿ, ಅವು ಮೂತ್ರದಲ್ಲಿ ಸಕ್ಕರೆ ನೀರು ಎರಡನ್ನೂ ಹೊರಗೆ ಹಾಕ್ತಾವೆ, ಉಪವಾಸದಲ್ಲಿ ಬೇರೆ ಥರ ತೊಂದರೆ ಕೊಡಬಹುದು.

ಮನೇಲಿ ಗ್ಲುಕೋಮೀಟರ್ ಇಟ್ಕೊಳ್ಳಿ. ಬೆಳಿಗ್ಗೆ ಒಂದ್ಸಲ, ಹನ್ನೊಂದರ ಸುಮಾರಿಗೆ, ಮೂರು ನಾಲ್ಕರ ಸುಮಾರಿಗೆ, ಊಟಕ್ಕೆ ಮುಂಚೆ ನೋಡಿ. 70ಕ್ಕಿಂತ ಕೆಳಗೆ ಬಂದ್ರೆ ಆ ಕ್ಷಣವೇ ಉಪವಾಸ ಬಿಡಬೇಕು, ಇದರಲ್ಲಿ ಚೌಕಾಸಿ ಇಲ್ಲ. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದ್ರೆ ಇನ್ನೊಮ್ಮೆ ಕೊಡಿ, ಸರಿಹೋದ ಮೇಲೆ ಏನಾದ್ರೂ ತಿನ್ನಿಸಿ. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. 300 ದಾಟಿದ್ರೂ ಉಪವಾಸ ಮುಂದುವರಿಸೋದು ಬೇಡ. ಬೆರಳು ಚುಚ್ಚಿ ರಕ್ತ ನೋಡಿದ್ರೆ ಉಪವಾಸ ಕೆಡುತ್ತೆ ಅಂತ ಎಷ್ಟೋ ಜನ ನಂಬಿದಾರೆ, ಹೊಟ್ಟೆಗೆ ಏನೂ ಹೋಗಲ್ಲವಲ್ಲ, ಹೇಗೆ ಕೆಡುತ್ತೆ?

ತಿನ್ನೋದರ ಬಗ್ಗೆ. ಉಪವಾಸಕ್ಕೆ ಅಂತ ಎಲ್ಲರೂ ಸಾಬುದಾನಿಗೆ ಹೋಗ್ತಾರೆ. ಅದು ಮರಗೆಣಸಿನ ಹಿಟ್ಟು, ಪೂರ್ತಿ ಪಿಷ್ಟ, ನಾರು ಇಲ್ಲ, ಪ್ರೋಟೀನ್ ಇಲ್ಲ, ತಿಂದ ಮೇಲೆ ಶುಗರ್ ಬೇಗ ಏರುತ್ತೆ. ಬೇಕೇ ಬೇಕು ಅಂದ್ರೆ ಸ್ವಲ್ಪ ಸಾಬುದಾನಿ, ಜಾಸ್ತಿ ಶೇಂಗಾ. ಅದಕ್ಕಿಂತ ನೆನೆಸಿದ ಹೆಸರುಬೇಳೆ ಕೋಸಂಬರಿ, ಕಾಳಿನ ಉಸಲಿ, ಮಜ್ಜಿಗೆ, ಸಕ್ಕರೆ ಹಾಕದ ಹಾಲು, ಒಂದು ಸೇಬು ಅಥವಾ ಪೇರಲ ಹಣ್ಣು ವಾಸಿ. ನಿಮ್ಮನೇಲಿ ಉಪವಾಸಕ್ಕೆ ಸಾಮೆ ನಡೆಯುತ್ತೆ ಅಂದ್ರೆ ಹೊಸದುರ್ಗದ ಕಡೆ ಬೆಳೆಯೋ ಸಾಮೆ ನಮ್ ಜಿಲ್ಲೇಲೇ ಸಿಗುತ್ತೆ, ತರಕಾರಿ ಹಾಕಿ ಉಪ್ಪಿಟ್ಟು ಮಾಡಿ. ಬೆಲ್ಲ ಪರವಾಗಿಲ್ಲ ಸಕ್ಕರೆ ಬೇಡ ಅನ್ನೋದು ತಪ್ಪು ತಿಳುವಳಿಕೆ, ಶುಗರ್ ಏರಿಸೋದ್ರಲ್ಲಿ ಎರಡೂ ಒಂದೇ. ನೀರು ಮಾತ್ರ ಯಾವ ಕಾರಣಕ್ಕೂ ಬಿಡಬಾರದು.

ಇನ್ಸುಲಿನ್ ಚುಚ್ಚಿಸ್ಕೊಳ್ಳೋರು, ಕಿಡ್ನಿ ತೊಂದರೆ ಇರೋರು, ಹಿಂದೆ ಲೋ ಶುಗರ್ ಆಗಿ ಎಚ್ಚರ ತಪ್ಪಿದ್ದೋರು ನಿರಾಹಾರದ ಯೋಚನೆನೇ ಮಾಡಬಾರದು. ನಿಮ್ಮ ಅತ್ತೆಗೆ ಒಮ್ಮೆ ಮಾತು ತೊದಲುವಷ್ಟು ಆಗಿರೋದ್ರಿಂದ ನಾನಂತೂ ಅವರಿಗೂ ನಿರಾಹಾರ ಬೇಡ ಅಂತಲೇ ಹೇಳ್ತೀನಿ. ಅಕ್ಕ ಹೇಳಿದ ಫಲಾರ ಒಳ್ಳೇ ದಾರಿ.

ಹರಿಹರದ ಹೊಳೆದಂಡೆ

ಡಾಕ್ಟ್ರು ಅಕ್ಕ ಇಬ್ಬರೂ ಮುಖ್ಯವಾದದ್ದು ಹೇಳಿದಾರೆ, ನಾನು ಪಂಚಾಂಗದ ಪ್ರಶ್ನೆಗೆ ಬರ್ತೀನಿ.

ನಮ್ ಕಡೆ ತಿಂಗಳು ಮುಗಿಯೋದು ಅಮಾವಾಸ್ಯೆಗೆ, ಉತ್ತರದ ಕಡೆ ಹುಣ್ಣಿಮೆಗೆ. ಅಮಾಂತ, ಪೂರ್ಣಿಮಾಂತ ಅಂತ ಕರೀತಾರೆ. ಅದಕ್ಕೆ ಅವರಿಗೆ ಆಷಾಢ ಹುಣ್ಣಿಮೆ ಮಾರನೇ ದಿನ, ಅಂದ್ರೆ ಜುಲೈ 11ಕ್ಕೆ ಶ್ರಾವಣ ಬಂತು, ಆಗಸ್ಟ್ 9ರ ಹುಣ್ಣಿಮೆಗೆ ಮುಗೀತದೆ. ನಮಗೆ ಅಮಾವಾಸ್ಯೆ ಕಳೆದು 25ಕ್ಕೆ ಬರ್ತದೆ, ಆಗಸ್ಟ್ 23ರ ಅಮಾವಾಸ್ಯೆಗೆ ಮುಗೀತದೆ. ನಡುವಿನ ಶುಕ್ಲಪಕ್ಷ ಇಬ್ಬರಿಗೂ ಶ್ರಾವಣವೇ. ಅದಕ್ಕೇ ನಾಗರಪಂಚಮಿ, ನೂಲಹುಣ್ಣಿಮೆ ಇವೆಲ್ಲಾ ಎರಡೂ ಕಡೆ ಒಂದೇ ದಿನ ಬರ್ತಾವೆ. ಕೃಷ್ಣಾಷ್ಟಮೀನೂ ಒಂದೇ ದಿನ, ಆದ್ರೆ ನಾವು ಅದನ್ನ ಶ್ರಾವಣ ಬಹುಳ ಅಷ್ಟಮಿ ಅಂತೀವಿ, ಅವರ ಲೆಕ್ಕಕ್ಕೆ ಅಷ್ಟೊತ್ತಿಗೆ ಭಾದ್ರಪದ. ನಮಗೆ ಈ ಸಲ ಸೋಮವಾರ ನಾಲ್ಕು: ಜುಲೈ 28, ಆಗಸ್ಟ್ 4, 11, 18. ಶುಕ್ರವಾರ ಶನಿವಾರ ಐದೈದು, ಹುಣ್ಣಿಮೆ ಹಿಂದಿನ ಶುಕ್ರವಾರ ಆಗಸ್ಟ್ 8 ವರಮಹಾಲಕ್ಷ್ಮಿ.

2023ರಲ್ಲಿ ಇದಕ್ಕಿಂತ ದೊಡ್ಡ ಗೊಂದಲ ಆಗಿತ್ತು, ನೆನಪಿರಬಹುದು. ಆ ವರ್ಷ ಶ್ರಾವಣವೇ ಅಧಿಕ ಬಂತು, ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ, 17ರಿಂದ ನಿಜ ಶ್ರಾವಣ. ಚಂದ್ರನ ವರ್ಷ ಸುಮಾರು 354 ದಿನ, ಸೂರ್ಯನದ್ದು 365, ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬೀಳೋದನ್ನ ಸರಿದೂಗಿಸೋಕೆ ಮೂರು ವರ್ಷದೊಳಗೆ ಒಂದು ತಿಂಗಳು ಹೆಚ್ಚಿಗೆ ಸೇರಿಸ್ತಾರೆ. ಹಬ್ಬ ವ್ರತ ಎಲ್ಲಾ ನಿಜ ಮಾಸಕ್ಕೇ. ಮುಂದಿನ ವರ್ಷ 2026ಕ್ಕೆ ಜ್ಯೇಷ್ಠ ಅಧಿಕ ಬರ್ತದೆ, ಹಂಗಾಗಿ ಶ್ರಾವಣ ಆಗಸ್ಟ್ ನಡುವಿಗೆ ಹೋಗ್ತದೆ.

ನಿಮ್ ಅತ್ತೆ ಸೋಮವಾರ ಶಿವನಿಗೆ ಶನಿವಾರ ತಿಮ್ಮಪ್ಪಗೋ ಹನುಮಪ್ಪಗೋ ನಡ್ಕೊಳ್ಳೋರು ಅಂತ ಕಾಣ್ತದೆ. ಒಂದ್ಸಲ ನಮ್ ಹರಿಹರಕ್ಕೆ ಕರ್ಕೊಂಡು ಬನ್ನಿ, ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಅಷ್ಟೇ. ಹರಿಹರೇಶ್ವರನ ಬಲಭಾಗ ಶಿವ, ಎಡಭಾಗ ವಿಷ್ಣು, ಒಂದೇ ಮೂರ್ತಿ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಒಳಗೆ ಆ ನುಣ್ಣನೆ ಕಂಬಗಳ ನಡುವೆ ಕೂತ್ರೆ ಹೊರಗಿನ ಸೆಕೆ ಗದ್ದಲ ಒಂದೂ ತಟ್ಟಲ್ಲ, ವಯಸ್ಸಾದೋರಿಗೆ ಒಂದು ಗಂಟೆ ಆರಾಮಾಗಿ ಕೂತು ಜಪ ಮಾಡೋಕೆ ಅಷ್ಟು ಒಳ್ಳೇ ಜಾಗ ಈ ಸುತ್ತಮುತ್ತ ನಾನು ನೋಡಿಲ್ಲ. ಹೊಳೆ ಸ್ನಾನ ಮಾತ್ರ ಈ ತಿಂಗಳು ಬೇಡ. ತುಂಗೆ ಭದ್ರೆ ಎರಡೂ ಕೂಡ್ಲೀಲಿ ಸೇರಿ ಬರೋ ಹೊಳೆ ಇದು, ಮಲೆನಾಡಲ್ಲಿ ಮಳೆ ಜೋರಾದ್ರೆ ಇಲ್ಲಿ ಬಿಸಿಲಿದ್ರೂ ನೀರು ಏರ್ತದೆ, ಮೆಟ್ಟಿಲು ಪಾಚಿ ಕಟ್ಟಿರ್ತದೆ. ಚೊಂಬಲ್ಲಿ ನೀರು ತಗೊಂಡು ತಲೆಗೆ ಚಿಮುಕಿಸಿಕೊಂಡ್ರೆ ಸಾಕು.

ದುರ್ಗದ ಮೇಷ್ಟ್ರು

ಎಲ್ಲರಿಗೂ ಶರಣು ಶರಣಾರ್ಥಿ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಬೇಜಾರು ಮಾಡ್ಕೊಬೇಡಿ.

ಅಂಗೈಲಿ ಇಷ್ಟಲಿಂಗ ಇಟ್ಕೊಂಡು ದಿನಾ ಪೂಜೆ ಮಾಡೋರಿಗೆ ಸೋಮವಾರ ಬೇರೆ ಮಂಗಳವಾರ ಬೇರೆ ಅಂತ ಇಲ್ಲ. ಶರಣರು ವಾರ ತಿಥಿ ನೋಡಿ ವ್ರತ ಹಿಡಿಯೋದನ್ನ ಒಪ್ಪಲಿಲ್ಲ, ದೇಹ ದಂಡಿಸೋದನ್ನಂತೂ ಒಪ್ಪಲೇ ಇಲ್ಲ, ಅವರಿಗೆ ದೇಹವೇ ದೇವಾಲಯ. ಪ್ರಸಾದ ಅಂತ ಸ್ವೀಕರಿಸೋದು ನಮ್ಮ ಧರ್ಮದಲ್ಲಿ ದೊಡ್ಡದು, ಉಣ್ಣದೆ ಇರೋದಲ್ಲ. ನಿಮ್ಮ ಅತ್ತೆಯವರು ಪೂಜೆ ಆದಮೇಲೆ ಸ್ವಲ್ಪ ಪ್ರಸಾದ ತಗೊಂಡು ಮಾತ್ರೆ ತಗೊಂಡ್ರೆ ಅದರಲ್ಲಿ ಯಾವ ಲೋಪವೂ ಇಲ್ಲ, ಬಿಟ್ರೇ ಲೋಪ ಅಂತ ನಾನು ಹೇಳ್ತೀನಿ.

ಪಂಚಮಿ ಬಗ್ಗೆನೂ ಒಂದು ಮಾತು. ನಮ್ಮಲ್ಲಿ ಅನೇಕರು ಆ ದಿನವನ್ನ ಬಸವಣ್ಣನವರು ಲಿಂಗೈಕ್ಯರಾದ ದಿನ ಅಂತ ಬಸವ ಪಂಚಮಿ ಮಾಡ್ತಾರೆ. ಹುತ್ತಕ್ಕೆ ಎರೆಯೋ ಹಾಲನ್ನ ಮಕ್ಕಳಿಗೆ, ಆಸ್ಪತ್ರೇಲಿರೋ ರೋಗಿಗಳಿಗೆ ಕೊಡ್ತಾರೆ. ಹಾವು ಹಾಲು ಕುಡಿಯೋ ಪ್ರಾಣಿ ಅಲ್ಲ, ಹುತ್ತದೊಳಗೆ ಹಾಲು ಸುರಿದ್ರೆ ಅದಕ್ಕೆ ಉಪಕಾರ ಏನೂ ಆಗಲ್ಲ. ಸಾಧ್ಯ ಆದ್ರೆ ನಿಮ್ ಮನೇಲೂ ಒಂದ್ ಲೀಟರ್ ಹಾಲು ಹತ್ತಿರದ ಅಂಗನವಾಡಿಗೋ ಹಾಸ್ಟೆಲ್‌ಗೋ ತಲುಪಿಸಿ. ಆಮೇಲೆ ಶ್ರಾವಣದಲ್ಲಿ ಮುಟ್ಟು ಬಂತು ಪೂಜೆ ತಪ್ಪಿತು ಅಂತ ಹೆಣ್ಮಕ್ಕಳು ಒದ್ದಾಡೋದು, ಮುಂದಕ್ಕೆ ಹಾಕೋ ಮಾತ್ರೆ ನುಂಗೋದು ನೋಡಿದೀನಿ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕವನ್ನೂ ಶರಣರು ತೆಗೆದುಹಾಕಿದಾರೆ. ಮೊದಲನೇ ಶ್ರಾವಣ ಅಂತ ಬರೆದಿದ್ದೀರಲ್ಲ, ನಿಮಗೂ ಇದು ಗೊತ್ತಿರಲಿ ಅಂತ ಹೇಳಿದೆ.

ನಮ್ ಕಡೆ ಮಠಗಳಲ್ಲಿ ಶ್ರಾವಣ ಪೂರ್ತಿ ಸಂಜೆ ಪ್ರವಚನ ಇರುತ್ತೆ, ದಾವಣಗೆರೇಲೂ ಇರುತ್ತೆ. ಹಸಿವಿನ ಬದಲು ಆ ಸಂಜೆಯ ಒಂದು ಗಂಟೆಯನ್ನ ನೇಮ ಮಾಡ್ಕೊಳ್ಳಲಿ ಅಂತ ಅತ್ತೆಗೆ ಹೇಳಿ ನೋಡಿ.

ಚೌಕಿಪೇಟೆ ಅಕ್ಕ

ಮೇಷ್ಟ್ರೇ, ಪ್ರಸಾದ ತಗೊಂಡು ಮಾತ್ರೆ ತಗೊಳ್ಳೋ ಮಾತು ಬಂಗಾರದಂಥದ್ದು, ಅದನ್ನ ಒಪ್ಪಿದೆ. ಸೂತಕದ ಮಾತೂ ಒಪ್ಪಿದೆ. ಆದ್ರೆ ಸೋಮವಾರಕ್ಕೆ ಅರ್ಥ ಇಲ್ಲ ಅನ್ನೋದನ್ನ ಒಪ್ಪಲಾರೆ.

ಹಳ್ಳೀಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಲ್ಲ, ಬಸವಣ್ಣನ ವಾರ ಅಂತ ಅದಕ್ಕೂ ಒಂದು ದಿನ ಬಿಡುವು. ಹೆಂಗಸ್ರಿಗೆ ಆ ಬಿಡುವೂ ಇಲ್ಲ. ವರ್ಷಪೂರ್ತಿ ಗಂಡನ ಹೊತ್ತು, ಮಕ್ಕಳ ಹೊತ್ತು, ಬಂದೋರ ಹೊತ್ತು ನೋಡ್ಕೊಂಡು ಉಣ್ಣೋಳು, ಈ ಒಂದು ತಿಂಗಳಲ್ಲಿ ನಾಲ್ಕು ಸೋಮವಾರ ಮಾತ್ರ ಇದು ನಂದು, ನನ್ನ ಶಿವಂದು, ನಡುವೆ ಯಾರೂ ಬರಬೇಡ್ರಿ ಅಂತ ಹೇಳೋಕೆ ಅವಳಿಗೆ ಸಿಗೋದು. ಪಕ್ಕದ ಮನೆಯೋರ ಜೊತೆ ಗುಡಿಗೆ ಹೋಗ್ತಾಳೆ, ಪ್ರವಚನಕ್ಕೆ ಹೋಗ್ತಾಳೆ, ಪಂಚಮೀಲಿ ಜೋಕಾಲಿ ಆಡ್ತಾಳೆ. ನಿನ್ ಅತ್ತೆ ಬಿಡಲ್ಲ ಅಂತ ಹಿಡ್ಕೊಂಡಿರೋದು ಹಸಿವನ್ನಲ್ಲ ತಂಗಿ, ಆ ದಿನವನ್ನ. ಅದನ್ನ ಅವರ ಕೈಯಿಂದ ಕಸ್ಕೊಳ್ಳದೆ ಹಸಿವಷ್ಟೇ ಕಮ್ಮಿ ಮಾಡೋ ದಾರಿ ನೋಡ್ರಿ.

ಪಂಚಮಿ ತವರಿಗೆ ಹೋಗೋದು ಮಾತ್ರ ತಪ್ಪಿಸಬೇಡ. ಮೊದಲನೇ ಪಂಚಮಿ, ಅವ್ವ ಎಳ್ಳುಂಡೆ ಶೇಂಗಾ ಉಂಡೆ ಪುಟಾಣಿ ಉಂಡೆ ತಂಬಿಟ್ಟು ಎಲ್ಲಾ ಕಟ್ಟಿ ಇಟ್ಟಿರ್ತಾಳೆ, ಜೋಳದ ಅಳ್ಳು ಹುರಿದಿರ್ತಾಳೆ. ಭಾನುವಾರವೇ ಹೋಗಬೇಕು ಅಂತ ಏನೂ ಶಾಸ್ತ್ರ ಇಲ್ಲ. ಅಣ್ಣನಿಗೆ ಸೋಮವಾರ ಸಂಜೆ ಬಾ ಅನ್ನು. ಚೌತಿ ಹಾಲು ದಾವಣಗೆರೇಲಿ ಅತ್ತೆ ಜೊತೆ, ಪಂಚಮಿ ಹಾಲು ಹೊಳಲ್ಕೆರೇಲಿ ಅವ್ವನ ಜೊತೆ. ದೇವರ ಪಾಲು ಗುರುವಿನ ಪಾಲು ಅಪ್ಪನ ಪಾಲು ಅವ್ವನ ಪಾಲು ಅಂತ ಹೇಳ್ಕೊಂಡು ಹಾಲೆರೀತೀವಲ್ಲ, ಈ ಸಲ ಅತ್ತೆ ಪಾಲೂ ಸೇರ್ಸು. ಮೇಷ್ಟ್ರು ಹೇಳಿದಂಗೆ ಹುತ್ತಕ್ಕೆ ಒಂದು ಚಮಚ ಸಾಕು, ಉಳಿದದ್ದು ಮಕ್ಕಳಿಗೆ.

ಜಗಳೂರು ಹುಡುಗ

ನಮ್ಮಪ್ಪಂದೂ ಇದೇ ಕಥೆ, ಅವರದ್ದು ಶ್ರಾವಣ ಶನಿವಾರ. ಡಾಕ್ಟ್ರೇ ಒಂದು ಡೌಟು, ಅವರು ಉಪವಾಸ ಅಂತ ಬೆಳಿಗ್ಗೆಯಿಂದ ಬರೀ ಟೀ ಕುಡೀತಾರೆ, ಸಕ್ಕರೆ ಹಾಕಿದ್ದು, ಎಷ್ಟು ಸಲ ಅಂತ ಲೆಕ್ಕ ಇಲ್ಲ. ಇದು ಓಕೆನಾ? ಅವರಿಗೆ ಬಿಪಿ ಮಾತ್ರೆನೂ ಇದೆ.

ಹಿರಿಯೂರು ಡಾಕ್ಟ್ರು

ಓಕೆ ಅಲ್ಲ. ಪ್ರತಿ ಲೋಟದಲ್ಲೂ ಸಕ್ಕರೆ ಹೋಗ್ತಾ ಇದೆ, ಖಾಲಿ ಹೊಟ್ಟೆಗೆ ಅಸಿಡಿಟಿ ಬೇರೆ. ಎರಡು ಟೀ ಸಾಕು, ಸಕ್ಕರೆ ಇಲ್ದೆ, ಉಳಿದ ಹೊತ್ತಿಗೆ ಮಜ್ಜಿಗೆ ಅಥವಾ ನೀರು ಕೊಡಿ. ಬಿಪಿ ಮಾತ್ರೆ ನೀರಲ್ಲಿ ನುಂಗಲೇಬೇಕು, ಅದನ್ನ ಉಪವಾಸ ಅಂತ ಬಿಡಬಾರದು. ಮೂತ್ರ ಜಾಸ್ತಿ ಮಾಡ್ಸೋ ಬಿಪಿ ಮಾತ್ರೆ ಆಗಿದ್ರೆ ಮಾತ್ರ ಡಾಕ್ಟರ್‌ಗೆ ಒಂದು ಮಾತು ಕೇಳಿ, ಊಟ ನೀರು ಕಮ್ಮಿಯಾದಾಗ ತಲೆ ಸುತ್ತಬಹುದು.

ಹೊಳಲ್ಕೆರೆ ಮಗಳು

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ್ಮೇಲೆ ಅತ್ತೆಗೆ ಇಲ್ಲಿ ಬರೆದಿದ್ದನ್ನ ಎಲ್ಲಾ ಜೋರಾಗಿ ಓದಿ ಹೇಳಿದೆ, ನಮ್ಮನೆಯವ್ರೂ ಪಕ್ಕದಲ್ಲೇ ಕೂತಿದ್ರು. ಅಕ್ಕ ಬರೆದಿದ್ದು ಓದುವಾಗ ಅತ್ತೆ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು, ಈ ಹೆಣ್ಮಗಳು ಯಾರೋ ನಂಗೆ ಗೊತ್ತಿರೋಳೇ ಇರಬೇಕು ಅಂದ್ರು. ಮೇಷ್ಟ್ರು ಹೇಳಿದ ಪ್ರಸಾದದ ಮಾತು ಅವರಿಗೆ ಬಹಳ ಹಿಡಿಸ್ತು, ಲಿಂಗಕ್ಕೆ ಕೊಟ್ಟು ತಗೊಂಡ್ರೆ ಅದು ಊಟ ಹೆಂಗಾಗುತ್ತೆ ಅಂತ ಅವರೇ ಹೇಳಿದ್ರು.

ಡಾಕ್ಟರ್ ಹತ್ರ ಇವತ್ತು ಹೋಗಿ ಬಂದ್ವಿ. ಮಾತ್ರೇಲಿ ಗ್ಲಿಮಿಪ್ರೈಡ್ ಇತ್ತು, ನೀವು ಹೇಳಿದ್ದೇ ಸರಿ ಸರ್. ಉಪವಾಸದ ದಿನಕ್ಕೆ ಬೇರೆ ಥರ ಬರ್ಕೊಟ್ಟಿದಾರೆ, ನಿರಾಹಾರ ಬೇಡವೇ ಬೇಡ ಅಂದ್ರು. ಮೀಟರ್ ತಗೊಂಡ್ವಿ. ಅತ್ತೆ ಒಪ್ಪಿರೋದು ಏನಂದ್ರೆ ಬೆಳಿಗ್ಗೆ ಪೂಜೆ ಆದ್ಮೇಲೆ ಪ್ರಸಾದ, ಮಧ್ಯಾಹ್ನ ಫಲಾರ, ಸಂಜೆ ಗುಡಿಯಿಂದ ಬಂದು ಊಟ. ಅವರದ್ದೊಂದು ಷರತ್ತು, ಅನ್ನ ರೊಟ್ಟಿ ಸಂಜೆವರೆಗೂ ಮುಟ್ಟಲ್ಲ, ಅದನ್ನ ಯಾರೂ ಒತ್ತಾಯ ಮಾಡಬಾರದು. ಡಾಕ್ಟರೂ ಆಯ್ತು ಅಂದಿದಾರೆ. ನಮ್ಮನೆಯವ್ರು ನಾಲ್ಕೂ ಸೋಮವಾರ ಮಧ್ಯಾಹ್ನ ಮನೆಗೆ ಬಂದು ಶುಗರ್ ನೋಡಿ ಹೋಗ್ತೀನಿ ಅಂದಿದಾರೆ, ರೇಗೋದು ನಿಲ್ಸಿದಾರೆ. ಅಣ್ಣನಿಗೂ ಸೋಮವಾರ ಸಂಜೆ ಬಾ ಅಂತ ಹೇಳಿದೀನಿ, ಅವ್ವ ಸ್ವಲ್ಪ ಮುನಿಸ್ಕೊಂಡ್ಳು, ಕಾರಣ ಹೇಳಿದ ಮೇಲೆ ಹಂಗಾದ್ರೆ ಅತ್ತೇನೂ ಕರ್ಕೊಂಡು ಬಾ ಅಂದ್ಳು. ಅವರು ಬರೋದು ಇನ್ನೂ ನಿಕ್ಕಿ ಇಲ್ಲ.

ಈಗ ಒಂದೇ ಉಳಿದಿರೋದು. ಬೆಳಿಗ್ಗೆ ಪ್ರಸಾದ, ಮಧ್ಯಾಹ್ನ ಫಲಾರಕ್ಕೆ ಏನೇನು ಮಾಡ್ಲಿ? ಚೌತಿ ದಿನ ನಮ್ಮನೇಲಿ ಒಗ್ಗರಣೆ ಹಾಕಲ್ಲ, ಒಲೆ ಮೇಲೆ ಕರಿಯೋದು ಹುರಿಯೋದೂ ಇಲ್ಲ ಅಂತಾರೆ ಅತ್ತೆ.

ಚೌಕಿಪೇಟೆ ಅಕ್ಕ

ಬಹಳ ಸಂತೋಷ ಆಯ್ತು ತಂಗಿ. ನಿನ್ ಅತ್ತೆಗೆ ನನ್ನ ಶರಣು ಹೇಳು.

ಒಗ್ಗರಣೆ ಇಲ್ದೇನೇ ಆಗುತ್ತೆ. ಭಾನುವಾರ ಬೆಳಿಗ್ಗೆ ಹೆಸರುಕಾಳು ನೆನೆಹಾಕಿ ರಾತ್ರಿ ಬಟ್ಟೇಲಿ ಕಟ್ಟಿಡು, ಸೋಮವಾರಕ್ಕೆ ಮೊಳಕೆ ಬಂದಿರುತ್ತೆ. ಹಬೇಲಿ ಮೆತ್ತಗೆ ಬೇಯಿಸಿ, ಉಪ್ಪು, ಹಸಿ ಕೊಬ್ಬರಿ ತುರಿ, ಕೊತ್ತಂಬರಿ, ನಿಂಬೆಹಣ್ಣು ಹಿಂಡು, ಅದೇ ಬೆಳಗಿನ ಪ್ರಸಾದಕ್ಕೆ ಎಡೆ ಇಡು. ಶೇಂಗಾ ಭಾನುವಾರವೇ ಹುರಿದು ಡಬ್ಬೀಲಿ ಹಾಕಿಟ್ಟಿರು. ಮಧ್ಯಾಹ್ನಕ್ಕೆ ಕಡ್ಲೆಬೇಳೆ ಸೌತೆಕಾಯಿ ಕೋಸಂಬರಿ, ಬೇಳೆ ಎರಡು ಗಂಟೆ ನೆನೆದ್ರೆ ಸಾಕು, ಜೊತೆಗೆ ಒಂದು ಹಿಡಿ ಶೇಂಗಾ, ಒಂದು ಪೇರಲಹಣ್ಣು, ದೊಡ್ಡ ಲೋಟ ಮಜ್ಜಿಗೆ. ನಾಲ್ಕು ಗಂಟೆ ಮೇಲೆ ಗುಡಿಗೆ ಹೊರಡೋ ಮುಂಚೆ ಒಂದು ಲೋಟ ಹಾಲು ಸಕ್ಕರೆ ಇಲ್ದೆ ಕೊಡು, ಗುಡೀಲಿ ಸರತಿ ಉದ್ದ ಇದ್ರೆ ನಿಂತು ಸುಸ್ತಾಗ್ತಾರೆ. ಕೈಚೀಲದಲ್ಲಿ ನೀರಿನ ಬಾಟ್ಲಿ ಮತ್ತೆ ಒಂದು ಪೊಟ್ಟಣ ಸಕ್ಕರೆ ಇರಲಿ. ಪತ್ರೆ ಭಾನುವಾರ ಸಂಜೆನೇ ತಂದಿಟ್ಕೋ, ಸೋಮವಾರ ಬೆಳ್ಳಂಬೆಳಿಗ್ಗೆ ಹೋದ್ರೆ ಮಾರ್ಕೆಟ್‌ನಲ್ಲಿ ಒಳ್ಳೇದು ಉಳಿದಿರಲ್ಲ.

ಅತ್ತೆ ಹೊಳಲ್ಕೆರೆಗೆ ಬರೋದಾದ್ರೆ ಮಾತ್ರೆ ಡಬ್ಬಿ, ಮೀಟರ್ ಎರಡೂ ಮೊದಲು ಬ್ಯಾಗಿಗೆ ಹಾಕು. ಅಲ್ಲಿ ಉಂಡೆ ತಟ್ಟೆ ಮುಂದೆ ಇಡ್ತಾರೆ, ಬೀಗರ ಮನೇಲಿ ಬೇಡ ಅನ್ನೋಕೆ ಅವರಿಗೆ ಸಂಕೋಚ ಆಗುತ್ತೆ, ನಿಮ್ ಅವ್ವಂಗೆ ಮೊದಲೇ ಫೋನಲ್ಲಿ ಹೇಳಿಡು.